ಕಿಟಕಿಯಲ್ಲಿ ಏನು ಕಾಣಬೇಕು ಎಂದು ಕೇಳಿದ ಸಾಕಮ್ಮ

ಸಾಕಮ್ಮ ಮನೆಯನ್ನು ಅಳೆಯುವ ಮೊದಲು ಮನೆಯವರನ್ನು ನಡೆಸಿ ನೋಡುತ್ತಿದ್ದರು. ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು, "ನಾನ್ ಇಲ್ಲಿಲ್ಲ ಅನ್ಕಳಿ ಸಾ. ದಿನಾ ಎಂಗ್ ಓಡಾಡ್ತೀರೋ ಅಂಗೇ ಓಡಾಡಿ" ಎನ್ನುತ್ತಿದ್ದರು. ನಮ್ಮ ಮನೆಗೆ ಬಂದ ಮೊದಲ ದಿನ ನನ್ನನ್ನು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಮೆಟ್ಟಿಲಿಗೆ ಹತ್ತು ಸಲ ಓಡಾಡಿಸಿ, ಕೊನೆಗೆ, "ಒಂದ್ ಲೋಟ ನೀರ್ ಕೊಡಾಕೆ ಇಷ್ಟ್ ಸುತ್ತಬೇಕಾ?" ಎಂದು ಕೇಳಿದರು.

ಐವತ್ತು ದಾಟಿದ, ಕುಳ್ಳಗಿನ ಹೆಂಗಸು. ಊರು ಕಟ್ಟಾಯ. ಮದುವೆಯಾದ ಹೊಸದರಲ್ಲಿ ಸಿಮೆಂಟಿನ ಬಾಂಡ್ಲಿ ಹೊರಲು ಗಾರೆ ಕೆಲಸಕ್ಕೆ ಸೇರಿದವರು, ನೋಡಿ ನೋಡಿಯೇ ಗೋಡೆ ಕಟ್ಟಲು ಕಲಿತು ಮೇಸ್ತ್ರಿಯಾಗಿದ್ದರು. ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು ಬೆಳಗಿನ ಬಸ್ಸಿಗೆ ಹಾಸನಕ್ಕೆ ಬರುತ್ತಿದ್ದರು. ಹೆಂಗಸು ಮೇಸ್ತ್ರಿ ಎಂದು ಮೂಗು ಮುರಿಯುವವರಿಗೆ, "ಮನೇಲಿ ದಿನಾ ಇರೋರು ಯಾರು? ನಾವ್ ತಾನೆ?" ಎಂದಷ್ಟೇ ಹೇಳುತ್ತಿದ್ದರು.

ಅವರನ್ನು ಕರೆಸಿದ್ದು ನನ್ನ ಹೆಂಡತಿ ವಿಮಲಾಗೋಸ್ಕರ. ಬೆನ್ನಿನ ಆಪರೇಷನ್ ಆದಮೇಲೆ ಅವಳ ಕಾಲುಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿಯ ಮೇಲೆ. ಮೂರು ತಿಂಗಳು ಅವಳು ಹಾಲಿನಲ್ಲಿ, ಒಂದು ಸೀರೆಯ ಮರೆಯಲ್ಲಿ ಮಲಗಿದ್ದಳು. ಬಂದವರು ಆ ಸೀರೆಯ ಈಚೆಗೇ ಕೂತು ದನಿ ತಗ್ಗಿಸಿ ಮಾತಾಡಿ ಹೋಗುತ್ತಿದ್ದರು. ಕೆಳಗೇ ಒಂದು ಕೋಣೆ, ಬಚ್ಚಲು ಸೇರಿಸೋಣವೆಂದು ಎಂಜಿನಿಯರೊಬ್ಬರಿಂದ ಪ್ಲಾನ್ ಬರೆಸಿದೆ. ಮನೆಯ ಹಿಂದೆ ಸಂಪಿನ ಪಕ್ಕ ಜಾಗವಿತ್ತು. ಕೋಣೆ ಅಲ್ಲಿಗೇ ಸರಿ ಎಂದು ಅವರೂ ಹೇಳಿದರು, ನನಗೂ ಸರಿ ಎನಿಸಿತು.

ಸಾಕಮ್ಮ ಆ ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟು, ಸೀರೆ ಸರಿಸಿ ಒಳಗೆ ಹೋದರು. "ಅಮ್ಮೋರೇ, ಮಲ್ಗಿದ್ದಾಗ ಕಿಟಕೀಲಿ ಏನ್ ಕಾಣ್ಬೇಕು ನಿಮ್ಗೆ?"

ಮೂರು ತಿಂಗಳಲ್ಲಿ ಮಾತ್ರೆ ತಗೊಂಡೆಯಾ, ಊಟ ಸೇರಿತಾ ಎನ್ನುವುದನ್ನು ಬಿಟ್ಟು ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ವಿಮಲಾ, "ಗೇಟು ಕಾಣ್ಬೇಕು. ಯಾರು ಬಂದ್ರು, ಯಾರು ಹೋದ್ರು ಅಂತ ನೋಡ್ಬೇಕು" ಎಂದಳು. ಹೇಳುತ್ತಲೇ ಅತ್ತಳು.

"ಅಂಗಾರೆ ಕೋಣೆ ಮುಂದ್ಕೇ ಬರ್ಬೇಕು" ಎಂದು ಸಾಕಮ್ಮ ಹೊರಗೆ ಬಂದು, ಕಾರು ನಿಲ್ಲಿಸುವ ಜಾಗದಲ್ಲಿ ನಿಂತರು.

"ಕಾರು ಎಲ್ಲಿ ನಿಲ್ಲಿಸಲಿ ಸಾಕಮ್ಮ?" ಎಂದೆ.

"ಬೀದೀಲಿ ನಿಂತ್ಕಳ್ಳಿ ಬುಡಿ ಸಾ. ಅದ್ಕೇನ್ ಬೆನ್ ನೋಯ್ತದಾ?"

ಒಳಗಿನಿಂದ ವಿಮಲಾ ನಕ್ಕದ್ದು ಕೇಳಿಸಿತು. ಬಹಳ ದಿನಗಳ ಮೇಲೆ ಕೇಳಿದ ನಗು. ಕಾರಿನ ವಿಷಯ ನಾನು ಮತ್ತೆ ಎತ್ತಲಿಲ್ಲ.

ರಂಗೋಲಿ ಪುಡಿಯಿಂದ ನೆಲದ ಮೇಲೇ ಕೋಣೆ ಬರೆದರು. ಮಂಚಕ್ಕೆ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ಮಂಚ ಬರಬೇಕಾದ ಕಡೆ ತಾವೇ ಅಂಗಾತ ಮಲಗಿ, ತಲೆ ಹೊರಳಿಸಿ ಗೇಟು ನೋಡಿ, ಎದ್ದು, ಕಿಟಕಿ ಮಾಮೂಲಿಗಿಂತ ಒಂದು ಅಡಿ ಕೆಳಗೆ ಬರಬೇಕೆಂದು ಗೊತ್ತುಮಾಡಿದರು. ಕೋಣೆಯಿಂದ ಅಡುಗೆಮನೆಗೆ ನೇರ ದಾರಿಯಾಗುವಂತೆ ಹಾಲಿನ ಗೋಡೆಯಲ್ಲಿ ಹೊಸ ಬಾಗಿಲು ತೆಗೆದರು. ಬಚ್ಚಲಿನ ಗೋಡೆ ಸೊಂಟದೆತ್ತರ ಬಂದಾಗ ನಮ್ಮ ಗಾಲಿಕುರ್ಚಿ ತರಿಸಿ, ತಾವೇ ಕೂತು, ಜೊತೆಯ ಆಳಿನಿಂದ ತಳ್ಳಿಸಿಕೊಂಡು ಒಳಗೆ ಹೋದರು. ತಿರುಗುವಾಗ ಕೈಬೆರಳ ಗೆಣ್ಣು ಗೋಡೆಗೆ ತರಚಿತು. ಇಳಿದವರೇ ಸುತ್ತಿಗೆ ತೆಗೆದುಕೊಂಡು ಹಿಂದಿನ ದಿನವಷ್ಟೇ ಕಟ್ಟಿದ್ದ ಗೋಡೆ ಒಡೆದರು. ನಾನು ಬೇಡ, ಪರವಾಗಿಲ್ಲ ಎಂದೆ. "ನಿಮ್ಗೆ ಪರವಾಗಿಲ್ಲ ಸಾ, ಅಮ್ಮೋರ್ ಕೈಗೆ?" ಎಂದರು.

ಇಷ್ಟೊಂದು ಹಟ ಯಾಕೆಂದು ವಿಮಲಾ ಒಮ್ಮೆ ಕೇಳಿದಳಂತೆ. ಸಾಕಮ್ಮನವರ ತಾಯಿ ಕೊನೆಗಾಲದಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ರಾಗಿ ಬಡಿಯುವ ಮಿಷನ್ ಬಂದ ದಿನ ಮನೆಯವರೆಲ್ಲ ಮುಂದೆ ಇದ್ದರು. ಸದ್ದು ನಿಂತ ಮೇಲೆ ಒಳಗೆ ಹೋಗಿ ನೋಡಿದರೆ ಜೀವ ಇರಲಿಲ್ಲ. "ನೀರ್ ಕೇಳಿರ್ಬೇಕು ಅನ್ಕತೀನಿ ಅಮ್ಮೋರೇ. ಯಾರ್ಗ್ ಗೊತ್ತು" ಎಂದು ಹೇಳಿ, ಹೊಸ ಗೋಡೆಗೆ ನೀರು ಹಾಕಲು ಎದ್ದು ಹೋದರಂತೆ.

ಆ ಕೋಣೆಯಲ್ಲಿ ವಿಮಲಾ ಒಂದೂವರೆ ವರ್ಷ ಬದುಕಿದಳು. ಸೊಪ್ಪಿನವಳ ಮಗಳ ಮದುವೆಯ ಮಾತುಕತೆ ಆ ಕಿಟಕಿಯಲ್ಲೇ ನಡೆಯಿತು. ಸಾಕಮ್ಮ ನಮ್ಮ ಕಡೆ ಕೆಲಸವಿದ್ದಾಗಲೆಲ್ಲ ಬಂದು ಕಿಟಕಿಯ ಹೊರಗೆ ನಿಂತೇ ಮಾತಾಡುತ್ತಿದ್ದರು. ಒಳಗೆ ಬನ್ನಿ ಎಂದರೆ, "ಕಾಲೆಲ್ಲ ಸಿಮೆಂಟು" ಎನ್ನುತ್ತಿದ್ದರು.

ವಿಮಲಾ ಹೋದಾಗ ನಾನು ನೆಂಟರಿಗೆ, ನಾನು ಕೆಲಸ ಮಾಡುವ ಕಾಲೇಜಿನವರಿಗೆ, ದೂರದ ಪರಿಚಯದವರಿಗೂ ತಿಳಿಸಿದೆ. ಸಾಕಮ್ಮನವರಿಗೆ ಹೇಳುವುದು ಮರೆತೇಹೋಯಿತು. ಅದನ್ನು ಬೇರೆ ಯಾವ ರೀತಿಯಲ್ಲೂ ಹೇಳಲಾರೆ. ಒಂದು ತಿಂಗಳಾದ ಮೇಲೆ, ಆ ಕೋಣೆಯನ್ನು ನೋಡಲಾಗದೆ, ಒಡೆಸಿಬಿಡೋಣವೆಂದು ಫೋನ್ ಮಾಡಿದೆ. ಆಗಲೂ, "ಸ್ವಲ್ಪ ಕೆಲಸ ಇದೆ, ಬನ್ನಿ" ಎಂದೆನಷ್ಟೆ.

ಬಂದವರು ರೂಢಿಯಂತೆ ನೇರ ಕಿಟಕಿಗೆ ಹೋದರು. ಕೈಯಲ್ಲಿ ಅವರೇಕಾಯಿಯ ಚೀಲ. ನಾನು ಬಾಗಿಲು ತೆರೆದು ಬರುವಷ್ಟರಲ್ಲಿ ಹಾಸಿಗೆಯಿಲ್ಲದ ಮಂಚ ನೋಡುತ್ತಾ ನಿಂತಿದ್ದರು. ಹೇಳಿದೆ. "ಯಾವತ್ತು?" ಎಂದು ಕೇಳಿದರು. ಅದನ್ನೂ ಹೇಳಿದೆ. ಚೀಲವನ್ನು ಕಿಟಕಿಯ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಕೋಣೆ ಒಡೆಸುವ ವಿಷಯ ತೆಗೆದಾಗ ಮಾತ್ರ, "ಒಂದ್ ವರ್ಸ ಬುಡಿ ಸಾ. ಆಮ್ಯಾಲೂ ಬ್ಯಾಡ ಅನ್ಸುದ್ರೆ ನಾನೇ ಬಂದು ಒಡ್ಕೊಡ್ತೀನಿ. ಬ್ಯಾರೆಯೋರ್ ಕೈಲಿ ಒಡುಸ್ಬ್ಯಾಡಿ" ಎಂದು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಗೇಟು ದಾಟಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ನಾಲ್ಕು ತಿಂಗಳ ಮೇಲೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಗಂಡ ರಂಗಪ್ಪ. ಚನ್ನರಾಯಪಟ್ಟಣದಲ್ಲಿ ಕೆಲಸದ ಮೇಲಿದ್ದಾಗ ಸಾಕಮ್ಮನವರಿಗೆ ಎದೆನೋವು ಬಂದು, ಆಸ್ಪತ್ರೆ ತಲುಪುವುದರೊಳಗೆ ಮುಗಿದಿತ್ತು. "ಅವ್ಳ ಫೋನ್ನಾಗಿರೋ ನಂಬರ್ಗೆಲ್ಲ ಮಾಡ್ತಾ ಇವ್ನಿ ಸಾ. ಒಬ್ರನ್ನೂ ಬುಡಬಾರ್ದಲ್ಲ" ಎಂದರು.

ತಿಥಿಗೆ ಕಟ್ಟಾಯಕ್ಕೆ ಹೋದೆ. ರಂಗಪ್ಪ ನನ್ನನ್ನು ಹಿಂದೆ ಎಂದೂ ನೋಡಿರಲಿಲ್ಲ. ಯಾವ ಮನೆಯವರೆಂದು ಕೇಳಿದರು. ಹೇಳಿದ ಕೂಡಲೇ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡರು. "ಅಮ್ಮೋರ್ ವಿಚಾರ ಬಾಳ ಯೋಳೋಳು ಸಾ. ಎಂಗವ್ರೆ ಅಮ್ಮೋರು?"

ಸಾಕಮ್ಮ ಮನೆಯಲ್ಲಿ ಹೇಳಿರಲಿಲ್ಲ. ನಾನೇ ಹೇಳಬೇಕಾಯಿತು.

ರಂಗಪ್ಪ ನನ್ನ ಕೈ ಬಿಡದೆಯೇ ಹೇಳಿದರು: "ಅದ್ಕೇ ಸಾ. ನಿಮ್ಮನೆಯಿಂದ ಬಂದೋಳು ಎರಡ್ ದಿನ ಉಣ್ನಿಲ್ಲ. ಏನಾಯ್ತಮ್ಮೀ ಅಂದ್ರೆ, ಏನೂ ಇಲ್ಲ ಅಂದ್ಬುಟ್ಲು."