ಚೌಕಾಸಿ ಮಾಡದ ಗಿರಾಕಿ

ಅಟ್ಲಾಂಟಾದ ಈ ಸಗಟು ಮೇಳಕ್ಕೆ ಅಂಗಡಿಯವರಿಗಷ್ಟೇ ಪ್ರವೇಶ. ಇಲ್ಲಿ ಗಿಫ್ಟ್ ಶಾಪ್ ನಡೆಸುವ ತಮ್ಮನ ಮಗಳು ಶ್ರುತಿ ನನ್ನ ಕೊರಳಿಗೂ ಒಂದು ಬ್ಯಾಡ್ಜ್ ಹಾಕಿಸಿ ಕರೆತಂದಿದ್ದಾಳೆ.

ಮೂಲೆಯ ಮಳಿಗೆಯಲ್ಲಿ ಐರ್ಲೆಂಡಿನ ಉಣ್ಣೆ ಶಾಲುಗಳಿದ್ದವು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ಕೈ ಸುಮ್ಮನಿರಬೇಕಲ್ಲ! ಒಂದು ಶಾಲನ್ನು ತಿರುವಿ ಹಿಂಬದಿಯ ನೇಯ್ಗೆ ನೋಡಿದೆ, ಅಂಚು ಜಗ್ಗಿದೆ. ಮಂಕಾಗಿ ಕೂತಿದ್ದ ಮಾಲೀಕ ಥಟ್ಟನೆ ಎದ್ದು ಕುರ್ಚಿ ಎಳೆದು ಕೊಟ್ಟು, "ಯಾವ ಊರಿನ ಅಂಗಡಿ ನಿಮ್ಮದು?" ಎಂದ. ಸುಮ್ಮನೆ ನೋಡಲು ಬಂದವಳೆಂದು ಹೇಳುವಾಗ ನಾಚಿಕೆಯಾಯಿತು.

ಶ್ರುತಿ ಕಿವಿಯಲ್ಲಿ ಉಸುರಿದಳು: "ಅತ್ತಿ, ಹೊರದೇಶದ ಮಾಲಿಗೆ ಟ್ಯಾರಿಫ್ ಹಾಕಿದಮ್ಯಾಲೆ ನಮ್ಮಂಥಾ ಸಣ್ಣ ಶಾಪ್‌ನವ್ರು ಯಾರೂ ಇವ್ರಿಗೆ ಆರ್ಡರ್ ಪ್ಲೇಸ್ ಮಾಡಾಕತ್ತಿಲ್ಲ."

ಅವನದು ಮನೆಮಂದಿಯೇ ನಡೆಸುವ ಪುಟ್ಟ ಗಿರಣಿ. ಇಲ್ಲಿ ಆರ್ಡರ್ ಸಿಗದಿದ್ದರೆ ಚಳಿಗಾಲದೊಳಗೆ ಅರ್ಧ ಮಗ್ಗಗಳನ್ನು ನಿಲ್ಲಿಸಬೇಕಂತೆ. ಹಳೆಯ ಗಿರಾಕಿ, ಕ್ಯಾರೊಲೈನಾದ ಅಂಗಡಿಯಾಕೆ, ಬೆಳಿಗ್ಗೆ ಬಂದಿದ್ದಳಂತೆ.

"ಪ್ರತಿ ವರ್ಷ ಬೆಲೆ ಇಳಿಸು ಅಂತ ನನ್ನ ಜೀವ ತಿನ್ನುತ್ತಿದ್ದಳು. ಇವತ್ತು ಬೆಲೆ ಕೇಳಿ, ತುಂಬಾ ಚೆನ್ನಾಗಿದೆ ಅಂದು, ನನ್ನನ್ನು ಅಪ್ಪಿಕೊಂಡು ಹೋದಳು," ಎಂದ.

ಇಳಕಲ್ಲಿನಲ್ಲೂ ಅಷ್ಟೇ. ಚೌಕಾಸಿ ಮಾಡದ ಗಿರಾಕಿ ಕೊಳ್ಳುವವಳಲ್ಲ.

ಹಾಗೇ ಎದ್ದು ಬರಲು ಮನಸ್ಸಾಗದೆ ಕೈಯಲ್ಲಿದ್ದ ಶಾಲಿನ ಬೆಲೆ ಕೇಳಿದೆ. ಹೇಳಿದ.

"ತುಂಬಾ ಚೆನ್ನಾಗಿದೆ," ಅಂದುಬಿಟ್ಟೆ.

ಆತ ನನ್ನ ಕೈಯಿಂದ ಶಾಲು ತೆಗೆದುಕೊಂಡು ಮಡಿಸತೊಡಗಿದ.