ನೆವಿಲ್ ಕ್ಲೆಗ್‌ನ ರಜೆಯ ದುಡ್ಡು

ನಾನು ಅಂಬ್ರೆಲಾ ಕಂಪನಿಯನ್ನು ಆರಿಸಿದ ರೀತಿ ಕೇಳಿದರೆ ನಗುತ್ತೀರಿ. ಸೇರಿದವರಿಗೆ ಪಿಜ್ಜಾ ಕೂಪನ್ ಕೊಡುತ್ತೇವೆ ಎಂದಿದ್ದರು, ಸೇರಿದೆ. ನೆವಿಲ್ ಕ್ಲೆಗ್ ಹಾಗಲ್ಲ. ಓಲ್ಡಮ್‌ನ ನಮ್ಮ ಗೋದಾಮಿನಿಂದ ಟ್ರೇಲರ್ ಲಾರಿ ಓಡಿಸುವ ಆತ, ಒಂದು ಜೊತೆ ಕಾಲುಚೀಲ ಕೊಳ್ಳಲಿಕ್ಕೂ ಮೂರು ಅಂಗಡಿ ಹತ್ತಿಳಿಯುವ ಮನುಷ್ಯ.

ನಾವಿಬ್ಬರೂ ಗುತ್ತಿಗೆಯವರು. ನಮ್ಮನ್ನು ಕೆಲಸಕ್ಕೆ ಕಳಿಸುವುದು ಏಜೆನ್ಸಿ. ಸಂಬಳ ಕೊಡುವುದು ಮಾತ್ರ ಏಜೆನ್ಸಿಯೂ ಅಲ್ಲ, ಗೋದಾಮೂ ಅಲ್ಲ. ನಡುವೆ ಅಂಬ್ರೆಲಾ ಎನ್ನುವ ಮೂರನೆಯ ಕಂಪನಿಯೊಂದು ಕೂತಿರುತ್ತದೆ. ಕಾಗದದ ಮೇಲೆ ನಾವು ಅದರ ನೌಕರರು. ಅದರ ಮುಖ ಕಂಡವರಿಲ್ಲ. ತೆರಿಗೆ ಮುರಿದು, ಮುರಿದ ಶ್ರಮಕ್ಕೆ ತನ್ನ ಕೂಲಿಯನ್ನೂ ನಮ್ಮಿಂದಲೇ ಮುರಿದು, ಉಳಿದದ್ದನ್ನು ಶುಕ್ರವಾರ ಖಾತೆಗೆ ಹಾಕುತ್ತದೆ. ಏಜೆನ್ಸಿ ಮೂರು ಹೆಸರು ಕಳಿಸಿ, ಯಾವುದು ಬೇಕೋ ಆರಿಸಿಕೊಳ್ಳಿ ಎನ್ನುತ್ತದೆ. ಇಷ್ಟು ಸ್ವಾತಂತ್ರ್ಯ ನಮಗೆ ಬೇರೆ ಯಾವುದರಲ್ಲೂ ಇಲ್ಲ.

ನೆವಿಲ್ ಆ ಮೂರನ್ನೂ ಕ್ಯಾಂಟೀನಿನಲ್ಲಿ ಕೂತು ಚಹಾ ಆರಿಹೋಗುವಷ್ಟು ಹೊತ್ತು ತೂಗಿ ನೋಡಿದ. ಎರಡು ಕಂಪನಿಗಳು ರಜೆಯ ದಿನಗಳಿಗೆ ನಮಗೆ ಸಲ್ಲಬೇಕಾದ ದುಡ್ಡನ್ನು ವಾರವಾರದ ಸಂಬಳದಲ್ಲೇ ಸೇರಿಸಿ ಕೊಡುತ್ತಿದ್ದವು. ಮೂರನೆಯದು ಬೇರೆ ತೆಗೆದಿಟ್ಟು, ರಜೆ ಹಾಕಿದಾಗ ಕೊಡುತ್ತೇನೆ ಎನ್ನುತ್ತಿತ್ತು. ನೆವಿಲ್‌ನ ಮುಖ ಅರಳಿತು.

ಅವನ ಅಮ್ಮ ಹತ್ತಿಗಿರಣಿಯಲ್ಲಿ ದುಡಿದವಳು. ಆಗ ಗಿರಣಿಯಲ್ಲಿ ರಜೆ ಕ್ಲಬ್ ಇತ್ತು. ಕೂಲಿಯಿಂದ ವಾರವಾರ ಒಂದಿಷ್ಟು ಹಿಡಿದು, ಜೂನ್ ಕೊನೆಯ ವೇಕ್ಸ್ ವಾರದಲ್ಲಿ ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕಿದಾಗ ಇಡಿಗಂಟಾಗಿ ಕೈಗೆ ಕೊಡುತ್ತಿದ್ದರು. ಊರಿಗೆ ಊರೇ ಬ್ಲಾಕ್‌ಪೂಲಿನ ಸಮುದ್ರಕ್ಕೆ ಹೊರಡುತ್ತಿತ್ತು. ಗಿರಣಿಗಳು ಹೋದವು, ವೇಕ್ಸ್ ವಾರ ನೆವಿಲ್‌ನ ಮನೆಯಲ್ಲಿ ಉಳಿದುಕೊಂಡಿತ್ತು.

"ಕೈಗೆ ಬಂದ್ರೆ ಖರ್ಚಾಗತ್ತೆ ಮಗಾ, ಅಲ್ಲಿದ್ರೆ ಇರತ್ತೆ," ಎಂದ. "ನಿನ್ನನ್ನೇ ನೋಡು. ರಜೆ ದುಡ್ಡನ್ನ ವಾರವಾರ ಚಿಪ್ಸ್ ಜೊತೆ ನಂಜ್ಕೋತಿದೀಯ."

ಸುಳ್ಳಲ್ಲ. ಜೊತೆಗೆ ಬಿಯರ್ ಕೂಡ ಇತ್ತು.

ನೆವಿಲ್‌ನ ಹೆಂಡತಿ ಬ್ರೆಂಡಾಗೆ ಸೊಂಟದ ಆಪರೇಷನ್ ಆದಮೇಲೆ ಅವರಿಬ್ಬರೂ ಸಮುದ್ರ ನೋಡಿರಲಿಲ್ಲ. ಈ ಸಲ ಕಿಟಕಿ ತೆರೆದರೆ ಅಲೆ ಕಾಣುವ ಕೋಣೆಯೇ ಆಗಬೇಕೆಂದು ಮಾತಾಗಿತ್ತು. ಅದಕ್ಕಾಗಿ ನೆವಿಲ್ ವರ್ಷವಿಡೀ ಒಂದು ರಜೆಯನ್ನೂ ಮುಟ್ಟಲಿಲ್ಲ. ಜ್ವರ ಬಂದಾಗಲೂ ಮೂಗೊರೆಸಿಕೊಂಡು ಲಾರಿ ಹತ್ತಿದ.

ಮೇ ತಿಂಗಳಲ್ಲಿ ಕಂಪನಿಗೆ ಫೋನ್ ಮಾಡಿದ. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೊಬ್ಬ ಹುಡುಗಿ ತುಂಬಾ ನಯವಾಗಿ ಹೇಳಿದಳಂತೆ: ರಜೆಯ ವರ್ಷ ಮಾರ್ಚಿಗೇ ಮುಗಿದಿದೆ, ಅಷ್ಟರೊಳಗೆ ಕೇಳದ ದುಡ್ಡು ಕಂಪನಿಗೆ ಸೇರುತ್ತದೆ, ನೀವು ಸಹಿ ಹಾಕಿದ ಒಪ್ಪಂದದಲ್ಲೇ ಇದೆ. ಏಪ್ರಿಲ್‌ನಿಂದ ಈಚಿನ ಚೂರು ಮಾತ್ರ ಸಿಗುತ್ತದೆ. ಬೇರೇನಾದರೂ ಸಹಾಯ ಬೇಕಿತ್ತೇ ಎಂದೂ ಕೇಳಿದಳಂತೆ. ಇವನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟನಂತೆ.

ಆ ಥ್ಯಾಂಕ್ಸ್ ನನ್ನನ್ನು ಉರಿಸಿತು. ನನ್ನ ದುಡ್ಡನ್ನು ಯಾವ ಕಂಪನಿಗೂ ನುಂಗಲಾಗಲಿಲ್ಲ, ಏಕೆಂದರೆ ನಾನೇ ಮೊದಲು ನುಂಗಿದ್ದೆ. ಇಂಥ ನಾನು ಅವನಿಗೆ ಬುದ್ಧಿ ಹೇಳಲು ಹೊರಟೆ: ದೂರು ಕೊಡು, ಜಗಳ ಆಡು.

"ಎಲ್ಲಿ ಹೋಗಿ ಆಡ್ಲಿ?" ಎಂದ ನೆವಿಲ್. "ಗಿರಣಿ ಆಗಿದ್ರೆ ನಿಂತು ಕೂಗೋಕೆ ಗೇಟಾದ್ರೂ ಇರ್ತಿತ್ತು."

ವೇಕ್ಸ್ ವಾರದಲ್ಲಿ ಅವನು ಕೆಲಸಕ್ಕೆ ಬರಲಿಲ್ಲ. ಹೇಗೋ ದುಡ್ಡು ಹೊಂದಿಸಿಕೊಂಡು ಸಮುದ್ರಕ್ಕೆ ಹೋದರಲ್ಲ ಎಂದು ಖುಷಿಪಟ್ಟೆ. ಮಂಗಳವಾರ ಅವರ ಬೀದಿಯಲ್ಲಿ ಹಾದುಹೋದಾಗ ಮುಂದಿನ ಕಿಟಕಿಯ ಪರದೆಗಳು ಪೂರ್ತಿ ಮುಚ್ಚಿದ್ದವು. ಅವನು ಕ್ಯಾಂಟೀನಿನಲ್ಲಿ ಮರೆತಿದ್ದ ಫ್ಲಾಸ್ಕನ್ನು ಹಿತ್ತಲಲ್ಲಿಟ್ಟು ಬರೋಣವೆಂದು ಹಿಂದಿನ ಓಣಿಗೆ ಹೋಗಿ ಬಾಗಿಲು ತಳ್ಳಿದೆ.

ಹಿತ್ತಲಲ್ಲಿ ಏಪ್ರಿಲ್‌ನ ಚೂರು ದುಡ್ಡಿನಲ್ಲಿ ಕೊಂಡ ಎರಡು ಮಡಚುವ ಕುರ್ಚಿಗಳು. ಒಂದರಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡ ಬ್ರೆಂಡಾ, ಪಾತ್ರೆ ತೊಳೆಯುವ ಟಬ್ಬಿನ ನೀರಲ್ಲಿ ಕಾಲಿಳಿಬಿಟ್ಟಿದ್ದಳು. ಇನ್ನೊಂದರಲ್ಲಿ ನೆವಿಲ್, ಪೇಪರಿನ ಮರೆಯಲ್ಲಿ.

"ಮೆಲ್ಲಗೆ ಮಾತಾಡಪ್ಪ," ಎಂದಳು ಬ್ರೆಂಡಾ. "ಪಕ್ಕದ ಮನೆಯವರ ಲೆಕ್ಕದಲ್ಲಿ ನಾವು ಬ್ಲಾಕ್‌ಪೂಲಿನಲ್ಲಿದೀವಿ."

ನೆವಿಲ್ ಪೇಪರ್ ಇಳಿಸಲಿಲ್ಲ. ಆ ಕಂಪನಿ ಬಿಟ್ಟನಂತೆ. ಏಜೆನ್ಸಿ ಮತ್ತೆ ಮೂರು ಹೆಸರು ಕಳಿಸಿತ್ತು. ಈ ಸಲ ಅವನು ತೂಗಿ ನೋಡಿರಲಿಲ್ಲ.

"ನಿಂದು ಯಾವ್ದು?" ಎಂದ. "ಆ ಪಿಜ್ಜಾದವ್ರು?"

ಹೌದು ಎಂದೆ.

"ನಾನೂ ಅದಕ್ಕೇ ಸೇರ್ಕೋತೀನಿ."

ಪಿಜ್ಜಾ ಮನೆಗೇ ತಂದುಕೊಡುತ್ತಾರಾ ಎಂದು ಬ್ರೆಂಡಾ ಕೇಳಿದಳು. ಇಲ್ಲ, ಕೂಪನ್ ಹಿಡಿದು ನಾವೇ ಅಂಗಡಿಗೆ ಹೋಗಿ ತರಬೇಕು ಎಂದೆ.

"ಹಾಗಾದ್ರೆ ಶನಿವಾರದವರೆಗೂ ಆಗಲ್ಲ," ಎಂದು ಟಬ್ಬಿನೊಳಗೆ ಕಾಲು ಆಡಿಸಿದಳು. "ನಾವು ಊರಲ್ಲಿಲ್ವಲ್ಲ."