ಅಪ್ಪ ಬಿಚ್ಚಿದ ಹೊಲಿಗೆ ಮಿಷನ್

ಚಿಂತಾಮಣಿಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಅಪ್ಪ ಫಿಟ್ಟರ್ ಆಗಿದ್ದ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾಲೀಕರ ಮಕ್ಕಳು ಬೇರೆಬೇರೆಯಾಗಿ ಮಿಲ್ಲಿಗೆ ಬೀಗ ಬಿತ್ತು. ದಿನಾ ಬೆಳಿಗ್ಗೆ ಸೈಕಲ್ ಹತ್ತಿ ಹೊರಡುತ್ತಿದ್ದ ಮನುಷ್ಯ ಮನೆಯಲ್ಲೇ ಉಳಿದ. ಅದೇ ವರ್ಷ ನಾನು ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ, ಮತ್ತೆ ಪರೀಕ್ಷೆ ಕಟ್ಟುವುದೋ ಬಿಡುವುದೋ ತೀರ್ಮಾನವಾಗದೆ ಮನೆಯಲ್ಲಿದ್ದೆ. ಎರಡೇ ಕೋಣೆಯ ಮನೆ. ಅಪ್ಪ ಬೀದಿ ಬಾಗಿಲಿಂದ ಹಿತ್ತಲಿಗೆ ನಡೆಯುತ್ತಿದ್ದ, ನಾನು ಹಿತ್ತಲಿಂದ ಬೀದಿ ಬಾಗಿಲಿಗೆ. ನಡುವೆ ಎದುರಾದರೆ ಇಬ್ಬರೂ ಪಕ್ಕಕ್ಕೆ ಸರಿಯುತ್ತಿದ್ದೆವು.

ಮನೆಯಲ್ಲಿ ಕೆಟ್ಟದ್ದನ್ನು ಮನೆಯಲ್ಲೇ ಸರಿಮಾಡುವುದು ಆಗ ಹೇಳಿಕೊಳ್ಳುವಂಥ ಸಂಗತಿಯೇನಲ್ಲ. ನಲ್ಲಿ ಸೋರಿದರೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ವಾಷರ್ ಮಾಡುತ್ತಿದ್ದರು. ಪಂಪ್ ಸ್ಟವ್ ಕಟ್ಟಿಕೊಂಡರೆ ಪಿನ್ನು ಹಾಕಿ ಬಿಡಿಸುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಕಾಯದಿದ್ದರೆ ಮಗುಚಿ ಬಿಚ್ಚಿ ನೋಡುತ್ತಿದ್ದರು. ಮಿಲ್ಲಿಗೆ ಹೋಗುತ್ತಿದ್ದಾಗ ಅಪ್ಪನಿಗೆ ಇವೆಲ್ಲ ಭಾನುವಾರದ ಕೆಲಸ. ಕೆಲಸ ಹೋದ ಮೇಲೆ ವಾರದ ಏಳು ದಿನವೂ ಭಾನುವಾರವಾಯಿತು. ಕೆಟ್ಟವೆಲ್ಲ ಹದಿನೈದೇ ದಿನಕ್ಕೆ ರಿಪೇರಿಯಾಗಿ ಮುಗಿದವು. ಆಮೇಲೆ ಅವನು ಕೆಡದಿದ್ದವನ್ನು ಬಿಚ್ಚತೊಡಗಿದ.

ಗೋಡೆ ಗಡಿಯಾರ ಎರಡು ನಿಮಿಷ ಹಿಂದೆ ಬೀಳುತ್ತದೆಂದು ಇಳಿಸಿದ. ಬಾಗಿಲ ಚಿಲಕ ಸಡಿಲವೆಂದು ಕಿತ್ತ. ನಾವು ಎರಡು ದಿನ ಬಾಗಿಲಿಗೆ ಕಲ್ಲು ಒತ್ತಿಟ್ಟುಕೊಂಡು ಮಲಗಿದೆವು. ಅಮ್ಮ ಗಡಿಯಾಚೆ ಆಂಧ್ರದ ಕಡೆಯವಳು, ಸಿಟ್ಟು ಬಂದರೆ ಕನ್ನಡ ಮರೆಯುತ್ತಿದ್ದಳು. "ಚಾಲು! ಇಂಕಾ ಚಾಲು!" ಸಾಕು ನಿಲ್ಲಿಸು ಎಂದು ಅವಳು ಗದರುವುದು ಬೀದಿಗೆ ಕೇಳಿಸುತ್ತಿತ್ತು. ರೇಡಿಯೋವನ್ನು ಮಾತ್ರ ಅವಳು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಳು. ರೇಡಿಯೋ ಎಲ್ಲಿ ಎಂದು ಅಪ್ಪ ಕೇಳಲೂ ಇಲ್ಲ. ಅವನ ಕಣ್ಣು ಆಗಲೇ ಪಕ್ಕದ ಮನೆಯ ಕಡೆ ಹೋಗಿತ್ತು.

ನಾವು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವರು ಬಟ್ಟೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳು. ಕಾಲಲ್ಲಿ ತುಳಿಯುವ ಕಪ್ಪು ಮಿಷನ್ ಒಂದೇ ಆ ಮನೆಗೆ ಆಧಾರ. ರಂಜಾನ್ ಹಬ್ಬಕ್ಕೆ ಒಂಬತ್ತು ದಿನವಿದೆ ಎನ್ನುವಾಗ ಮಿಷನ್ ಭಾರವಾಗಿ, ಕಟಕಟ ಸದ್ದು ಮಾಡತೊಡಗಿತು. ಅವರಾಗಿಯೇ ನಮ್ಮ ಬಾಗಿಲಿಗೆ ಬಂದರು.

"ಅಣ್ಣಾ, ಒಂಚೂರು ಎಣ್ಣೆ ಬಿಟ್ಟು ಬೆಲ್ಟ್ ಬಿಗಿ ಮಾಡ್ಕೊಡಿ. ಒಂದೊಂದ್ ಸಲ ಹೊಲಿಗೇನೂ ಬಿಟ್ಟುಬಿಡುತ್ತೆ."

ಅಪ್ಪ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಕಿವಿಯಿಟ್ಟು ಕೇಳಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಕಳೆ ಬಂದಂತೆ ಕಾಣಿಸಿತು.

"ಎಣ್ಣೆ ಬಿಟ್ರೆ ಸಾಲ್ದು ಕಣಮ್ಮ. ಒಳಗೆಲ್ಲ ಕಿಟ್ಟ ಕಟ್ಟೈತೆ. ಒಂದ್ ಸಲ ಪೂರ್ತಿ ಬಿಚ್ಚಿ ತೊಳ್ದು ಕೊಟ್ಬಿಡ್ತೀನಿ."

"ಬ್ಯಾಡಣ್ಣ, ಹಬ್ಬ ಹತ್ರ ಬಂತು. ಬೀದಿಯವರ ಬಟ್ಟೆಯೆಲ್ಲ ಹಂಗೇ ಬಿದ್ದೈತೆ."

"ಸಾಯಂಕಾಲಕ್ಕೆ ನಿನ್ ಮನೇಲಿರ್ತದೆ, ಹೋಗು."

ಆ ಸಾಯಂಕಾಲ ಬರುವುದಕ್ಕೆ ನಾಲ್ಕು ದಿನ ಹಿಡಿಯಿತು.

ನಾನೂ ಅವನ ಜೊತೆ ಕೂತೆ. ಯಾರೂ ಕರೆಯಲಿಲ್ಲ. ಸುಮ್ಮನಿದ್ದರೆ ತಲೆ ಕೆಡುತ್ತಿತ್ತು, ಅದಕ್ಕೆ ಕೂತೆ. ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದು ಒಂದೊಂದೇ ಭಾಗವನ್ನು ಹಳೇ ಬ್ರಷ್ಷಿನಿಂದ ಉಜ್ಜಿದೆವು. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಕಪ್ಪು ಎಣ್ಣೆಯ ಕೆಳಗಿಂದ ಬೆಳ್ಳಗೆ ಉಕ್ಕು ಹೊರಬರುವುದನ್ನು ನೋಡುವಾಗ ಪರೀಕ್ಷೆ, ಮಿಲ್ಲು ಎಲ್ಲ ಮರೆತುಹೋಗುತ್ತಿತ್ತು. ಅಷ್ಟು ಹೊತ್ತು ಇಬ್ಬರೂ ಒಂದೇ ಕಡೆ ಕೂತದ್ದನ್ನು ಕಂಡು ಅಮ್ಮ ಬೈಯುವುದನ್ನೂ ಬಿಟ್ಟು ಕಾಫಿ ತಂದುಕೊಟ್ಟಳು.

ಮಾರನೆಯ ದಿನ ಮಧ್ಯಾಹ್ನ ಎಲ್ಲ ಜೋಡಿಸಿಯಾಯಿತು. ಸೂಜಿ ಹಾಕುವುದೊಂದು ಉಳಿದಿತ್ತು. ಅಪ್ಪನ ದಪ್ಪ ಬೆರಳಿಗೆ ಅದರ ಪುಟ್ಟ ಸ್ಕ್ರೂ ನಿಲ್ಲುತ್ತಿರಲಿಲ್ಲ. "ನೀನೇ ಹಾಕಮ್ಮ" ಎಂದ. ಹಾಕಿ ಬಿಗಿ ಮಾಡಿದೆ. ಮಿಷನ್ ಬೆಣ್ಣೆಯ ಹಾಗೆ ತಿರುಗಿತು, ಸದ್ದೇ ಇಲ್ಲ. ಆದರೆ ಹೊಲಿಗೆ ಬೀಳಲಿಲ್ಲ. ಸೂಜಿ ಬಟ್ಟೆಯಲ್ಲಿ ತೂತು ಮಾಡಿಕೊಂಡು ಹೋಗುತ್ತಿತ್ತು, ಕೆಳಗಿನ ದಾರ ಮೇಲೆ ಬರುತ್ತಿರಲಿಲ್ಲ.

ಅಪ್ಪ ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ. ಹೊಲಿಗೆ ಇಲ್ಲ. ಮೂರನೆಯ ದಿನ ಊಟದ ತಟ್ಟೆ ಎದುರಿಗೆ ಇಟ್ಟರೂ ಮುಟ್ಟದೆ ಇನ್ನೊಮ್ಮೆ ಬಿಚ್ಚಿದ. ಎಣ್ಣೆ ಗಾಣದ ಮಿಷನ್ನುಗಳನ್ನು ಕಣ್ಣು ಮುಚ್ಚಿ ಜೋಡಿಸುತ್ತಿದ್ದವನಿಗೆ ಹೊಲಿಗೆ ಮಿಷನ್ನಿನ ಮರ್ಮ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕೂ ಮನಸ್ಸಿರಲಿಲ್ಲ. ಆಪಾ ದಿನಕ್ಕೆರಡು ಸಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಪೇಪರಿನ ಮೇಲೆ ಹರಡಿಕೊಂಡ ತಮ್ಮ ಮಿಷನ್ನನ್ನು ನೋಡಿ ಹಿಂತಿರುಗುತ್ತಿದ್ದರು. ಅವರ ದೊಡ್ಡ ಮಗಳು ಕೈಯಲ್ಲೇ ಹೊಲಿಯಲು ಕೂತಿದ್ದಾಳೆಂದು ಅಮ್ಮ ಬಂದು ಹೇಳಿದಾಗ ಅಪ್ಪ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದ. ಆಮೇಲೆ ತಾನೇ ಎದ್ದು ಹೋಗಿ ಎತ್ತಿಕೊಂಡ.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಶಟಲ್ ಹೊರತೆಗೆದು ಉಗುರಿನಿಂದ ಅದರ ಮೂತಿ ಸವರಿದ. ಸೂಜಿಯ ದಾರವನ್ನು ಕೆಳಗೆ ಹಿಡಿದುಕೊಳ್ಳುವ ಕೊಕ್ಕಿನಂಥ ಭಾಗ ಅದು.

"ಸಿಕ್ತು. ಮೂತಿ ಸವ್ದೋಗೈತೆ. ಅದ್ಕೇ ದಾರ ಹಿಡೀತಿಲ್ಲ."

ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ಅಂಥದ್ದೇ ಹೊಸದು ತರಲು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ.

ಅವನು ಹೋದ ಸ್ವಲ್ಪ ಹೊತ್ತಿಗೆ ಆಪಾ ಬಂದರು. ಅಪ್ಪ ಇಲ್ಲವೆಂದು ತಿಳಿದು ಮೊದಲ ಸಲ ಒಳಗೆ ಬಂದು ಮಿಷನ್ನಿನ ಮುಂದೆ ಕೂತರು. ದನದ ಬೆನ್ನು ಸವರುವ ಹಾಗೆ ಅದರ ಮೇಲೆ ಕೈಯಾಡಿಸಿದರು. ಕೈ ಸೂಜಿಯ ಹತ್ತಿರ ಬಂದು ನಿಂತಿತು. ಹೆಬ್ಬೆರಳಲ್ಲಿ ಅದನ್ನು ಮುಟ್ಟಿ, ಬಗ್ಗಿ ನೋಡಿದರು.

"ಸೂಜಿ ಯಾರಮ್ಮಾ ಹಾಕಿದ್ದು?"

"ನಾನು, ಆಪಾ."

"ಉಲ್ಟಾ ಹಾಕಿದ್ದೀಯಲ್ಲೇ. ಸೂಜಿಗೆ ಒಂದ್ ಕಡೆ ಚಪ್ಪಟೆ ಇರುತ್ತೆ, ನೋಡು. ಅದು ಈ ಕಡೆ ಇರ್ಬೇಕು. ಹಿಂಗಿದ್ರೆ ಹೊಲಿಗೆ ಹೆಂಗೆ ಬರುತ್ತೆ?"

ಮೂರು ದಿನ, ಮೂರು ಸಲ ಬಿಚ್ಚಿ ಜೋಡಿಸಿದ್ದು. ಪ್ರತಿ ಸಲವೂ ಸೂಜಿ ಹಾಕಿದ್ದು ನಾನೇ, ಮೊದಲು ಹಾಕಿದ ಹಾಗೆಯೇ. ಆಪಾ ಬೈಯುತ್ತಾರೆ ಎಂದುಕೊಂಡೆ. ಅವರು ಸ್ಕ್ರೂ ಸಡಿಲಿಸಿ, ಸೂಜಿ ತಿರುಗಿಸಿ ಬಿಗಿ ಮಾಡಿದರು. ಹೊಲಿದು ನೋಡೋಣವೆಂದರೆ ಶಟಲ್ ಅಪ್ಪನ ಜೇಬಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿತ್ತು.

"ಅಪ್ಪ ಬಂದ್ ತಕ್ಷಣ ಹೇಳ್ಬಿಡ್ತೀನಿ" ಎಂದೆ. ಅಳು ಬರುತ್ತಿತ್ತು.

ಅವರು ತಲೆಯಲ್ಲಾಡಿಸಿದರು. "ಬ್ಯಾಡ" ಎಂದರು. "ಅಣ್ಣ ಮೊದ್ಲೇ ನೊಂದೋಗವ್ರೆ. ಹೊಸಾದು ತರ್ತಾರಲ್ಲ, ಹಾಕ್ಲಿ. ಅವ್ರ ಕೈಯಿಂದ್ಲೇ ಓಡ್ಲಿ."

ಮಧ್ಯಾಹ್ನ ಮೂರರ ಹೊತ್ತಿಗೆ ಅಪ್ಪ ಬಂದ. ಚಪ್ಪಲಿ ಕೂಡ ಬಿಡದೆ ಕೂತು ಹೊಸ ಶಟಲ್ ಹಾಕಿದ, ಬಟ್ಟೆಯ ತುಂಡು ಇಟ್ಟು ತುಳಿದ. ಹೊಲಿಗೆ ಎಳ್ಳು ಜೋಡಿಸಿದ ಹಾಗೆ ಬಿತ್ತು. ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದು ಹಿಂದುಮುಂದು ನೋಡಿದ. "ಹೇಳ್ಲಿಲ್ವಾ ನಾನು?" ಎಂದು ನನ್ನ ಕಡೆ ತಿರುಗಿದಾಗ ಅವನ ಕಣ್ಣು ತುಂಬಿತ್ತು. ನಾನು ಹಿತ್ತಲಿಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಬಟ್ಟೆಗಳೆಲ್ಲ ಹಬ್ಬಕ್ಕೆ ಮುಗಿದವು. ಹಬ್ಬದ ದಿನ ಆಪಾ ಅವರ ಅಣ್ಣ ಶಿಡ್ಲಘಟ್ಟದಿಂದ ಬಂದಿದ್ದರು. ಅಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಘಟಕ. ಮೋಟಾರು, ಬಾಯ್ಲರು ಒಂದಲ್ಲ ಒಂದು ಕೈಕೊಡುತ್ತಿತ್ತು, ನೆಚ್ಚಿಕೊಳ್ಳುವ ಮಿಸ್ತ್ರಿ ಇರಲಿಲ್ಲ. ಆಪಾ ಅಪ್ಪನನ್ನು ಕರೆಸಿ ಅಣ್ಣನ ಮುಂದೆ ಕೂರಿಸಿದರು. "ಊರಲ್ಲಿ ಯಾರ ಕೈಲೂ ಆಗ್ದೇ ಇದ್ದಿದ್ದು ಇವ್ರು ಮಾಡಿದ್ರು" ಎಂದರು. ಮುಂದಿನ ಸೋಮವಾರದಿಂದ ಅಪ್ಪ ಶಿಡ್ಲಘಟ್ಟದ ಬಸ್ಸಿನಲ್ಲಿ ಹೋಗಿ ಬರತೊಡಗಿದ. ನಾನೂ ಪರೀಕ್ಷೆ ಕಟ್ಟಿ ಪಾಸು ಮಾಡಿದೆ.

ಆಮೇಲೆ ಆದದ್ದನ್ನು ನಾವು ಯಾರೂ ಯೋಚಿಸಿರಲಿಲ್ಲ. ಅಪ್ಪ ಮನೆಯಲ್ಲಿ ಏನನ್ನೂ ಮುಟ್ಟುವುದನ್ನು ಬಿಟ್ಟ. ಮೈಯೆಲ್ಲ ಬೇಯಿಸಿದ ರೇಷ್ಮೆಗೂಡಿನ ವಾಸನೆ ಹೊತ್ತು ಬರುತ್ತಿದ್ದ, ಸ್ನಾನ ಮಾಡಿ ಮಲಗುತ್ತಿದ್ದ. ಟಾರ್ಚು ಕೆಟ್ಟಿತು, ಕೊಡೆಯ ಕಡ್ಡಿ ಮುರಿಯಿತು. "ಅಂಗ್ಡೀಗೆ ಕೊಡ್ರಮ್ಮ" ಎನ್ನುತ್ತಿದ್ದ. ಅಮ್ಮ ಮೊದಮೊದಲು ಬೇಕೆಂದೇ ಅವನ ಕಣ್ಣಿಗೆ ಬೀಳುವಲ್ಲಿ ಕೆಟ್ಟ ಸಾಮಾನು ಇಡುತ್ತಿದ್ದಳು. ಅವನು ಅದನ್ನು ದಾಟಿ ಹೋಗುತ್ತಿದ್ದ. ಬೀದಿಯ ಬೇರೆ ಮನೆಗಳಲ್ಲೂ ಅಷ್ಟೇ. ಯಾವಾಗಿನಿಂದ ಎಂದು ಹೇಳಲಾರೆ, ಎಲ್ಲರೂ ಅಂಗಡಿಗೆ ಕೊಡುವುದು, ಆಗದಿದ್ದರೆ ಹೊಸದು ತರುವುದು ಎಂಬಂತಾಯಿತು.

ಆದರೆ ಆ ಹೊಲಿಗೆ ಮಿಷನ್ನಿನ ರಿಪೇರಿಯ ಮಾತನ್ನು ಅವನು ಬಿಡಲಿಲ್ಲ. ನನಗೆ ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಹೋದ ಮೇಲೆ, ತವರಿಗೆ ಬಂದಾಗಲೆಲ್ಲ ಅಪ್ಪ ನನ್ನ ಗಂಡನಿಗೆ ಶಟಲ್ಲಿನ ಕಥೆ ಹೇಳುತ್ತಿದ್ದ. ಉಗುರಲ್ಲಿ ಸವರಿದ್ದು, ಬಸ್ಸು ಹತ್ತಿದ್ದು, ಚಪ್ಪಲಿ ಬಿಡದೆ ಕೂತದ್ದು. ಪ್ರತಿ ಸಲವೂ ನಾನು ಎದ್ದು ಒಳಗೆ ಹೋಗುತ್ತಿದ್ದೆ. ತೊಂಬತ್ತರ ದಶಕದ ನಡುವೆ ಒಂದು ಭಾನುವಾರ ನನ್ನ ಗಂಡ ಜೊತೆಗೆ ಬಂದಿರಲಿಲ್ಲ. ಅಪ್ಪ ಎದುರುಮನೆಯವರಿಗೆ ಅದೇ ಕಥೆ ಹೇಳಿ ಕಳಿಸಿ ಒಳಗೆ ಬಂದ. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ನಾನು ಸೂಜಿ ಉಲ್ಟಾ ಹಾಕಿದ್ದೆ. ಅದ್ಕೇ ಹೊಲಿಗೆ ಬಂದಿರ್ಲಿಲ್ಲ. ನೀನು ಬಸ್ಸಿಗೆ ಹೋದಾಗ ಆಪಾ ಅದನ್ನ ಸರಿ ಮಾಡಿದ್ರು."

ಅಪ್ಪ ಹಾಸಿಗೆಯ ಅಂಚಿಗೆ ಕೂತ. "ಮೂರು ಸಲಾನೂ?" ಎಂದ.

"ಮೂರು ಸಲಾನೂ."

ಹೆಬ್ಬೆರಳ ಉಗುರನ್ನು ತೋರುಬೆರಳಿಂದ ಸವರಿಕೊಂಡ. ಆಮೇಲೆ, "ಶಟಲ್ ಮೂತಿ ಸವ್ದಿತ್ತಲ್ಲ?"

"ಇರ್ಬೋದಪ್ಪಾ."

"ಇರ್ಬೋದಲ್ಲ. ಸವ್ದಿತ್ತು. ನನ್ ಉಗುರಿಗೆ ಗೊತ್ತಾಗ್ತದೆ."

ಮಾರನೆಯ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಆಪಾ ಮನೆಗೆ ಹೋದ. ಜಗಳವಾಗುತ್ತದೆಂದು ನಾನೂ ಹಿಂದೆಯೇ ಹೋದೆ. ಆಪಾ ಗುಂಡಿ ಹಾಕುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ಒಮ್ಮೆ ದಿಟ್ಟಿಸಿದರು. ಅಪ್ಪ ಕೇಳಿದ್ದಕ್ಕೆ ಸುತ್ತುಬಳಸದೆ ಹೇಳಿದರು, "ಸೂಜಿ ತಿರುಗಿಸಿದ್ದು ನಿಜ ಅಣ್ಣಾ. ಮುಂಚೆ ಒಂದೊಂದ್ ಸಲ ಹೊಲಿಗೆ ಬಿಡ್ತಿತ್ತಲ್ಲ, ಆವತ್ತಿಂದ ಇವತ್ತಿನವರ್ಗೂ ಒಂದ್ ಹೊಲಿಗೆ ಬಿಟ್ಟಿಲ್ಲ. ಅದೂ ನಿಜ."

"ಹಂಗಾದ್ರೆ ನಂಗೆ ಕೊಡ್ಸಿದ್ ಕೆಲ್ಸ?"

"ಕೆಲ್ಸ ಕೊಟ್ಟಿದ್ದು ನಮ್ಮಣ್ಣ. ಇಷ್ಟ್ ವರ್ಷ ಇಟ್ಕೊಂಡವ್ರಲ್ಲ, ಸುಮ್ನೆ ಇಟ್ಕೊಂತಾರಾ?"

ಅಪ್ಪ ತಲೆಯಾಡಿಸಿದ. ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. ಆವತ್ತು ಕೆಲಸಕ್ಕೆ ಹೋಗಲಿಲ್ಲ. ಮನೆಗೆ ಬಂದವನೇ, ಕೀ ಕೊಡುವ ಹಳೆಯದರ ಬದಲು ಅಮ್ಮ ತಂದು ಹಾಕಿದ್ದ ಪ್ಲಾಸ್ಟಿಕ್ ಗಡಿಯಾರವನ್ನು ಇಳಿಸಿದ. ಅದು ನಿಂತು ತಿಂಗಳಾಗಿತ್ತು, ಸೆಲ್ ಬದಲಾಯಿಸಿದರೂ ಓಡುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹುಡುಕಲು ಅರ್ಧ ಗಂಟೆ ಬೇಕಾಯಿತು. ಆದರೆ ಅದರಲ್ಲಿ ಸ್ಕ್ರೂ ಎಂಬುದೇ ಇರಲಿಲ್ಲ. ಹಿಂದೆ ಒಂದು ಕಪ್ಪು ಪೆಟ್ಟಿಗೆ, ಸುತ್ತಲೂ ಮುಚ್ಚಿದ್ದು. ಬ್ಲೇಡು ತೂರಿಸಿ ಮೀಟಿದ. ಚಟ್ ಎಂದು ಬಿಟ್ಟುಕೊಂಡು ಉಗುರಗಲದ ಬಿಳಿ ಚಕ್ರಗಳು ನೆಲದ ತುಂಬ ಉರುಳಿದವು.

ನಾನು ಮೊಣಕಾಲೂರಿ ಅವನ್ನು ಆರಿಸಿ ಸಾಲಾಗಿ ಇಟ್ಟೆ. ಅಪ್ಪ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಹಲ್ಲು ಮುರಿದದ್ದು ಯಾವುದು ಎಂದು ಗೊತ್ತಾಯಿತು. ಗೊತ್ತಾದರೆ ಮಾಡುವುದೇನು? ಅಂಥ ಚಕ್ರ ಒಂದನ್ನೇ ಯಾರೂ ಮಾರುವುದಿಲ್ಲ.

"ಇದ್ರಾಗೆ ರಿಪೇರಿ ಮಾಡೋಕೆ ಏನೈತಮ್ಮ?" ಎಂದ. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಅಂಗಡಿಯವನು ಐದು ನಿಮಿಷದಲ್ಲಿ ಇಡೀ ಪೆಟ್ಟಿಗೆಯನ್ನೇ ಬದಲಾಯಿಸಿ ಕೊಟ್ಟ.

ಮುಂದಿನ ತಿಂಗಳು ಚಿಕ್ಕಬಳ್ಳಾಪುರದ ನಮ್ಮ ಮನೆಯ ಟೇಪ್ ರೆಕಾರ್ಡರ್ ನಿಂತಿತು. ಒಳಗೆ ರಬ್ಬರ್ ಬೆಲ್ಟ್ ಜಾರಿರಬೇಕು ಎಂದು ಸದ್ದಿನಿಂದಲೇ ಅನ್ನಿಸಿತು. ಬೆರಳು ಚುರುಗುಟ್ಟಿದವು. ಅದನ್ನು ಮಗುಚಿ ಸ್ಕ್ರೂಗಳನ್ನು ಎಣಿಸಿದೆ, ನಾಲ್ಕಿದ್ದವು. ಮತ್ತೆ ನೆಟ್ಟಗೆ ಇಟ್ಟೆ. ಹೀಗೆ ಎರಡು ಮೂರು ದಿನ ಮಗುಚುವುದು, ನೆಟ್ಟಗಿಡುವುದು ನಡೆಯಿತು. ಶನಿವಾರ ನನ್ನ ಗಂಡ ಅದನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಬೇಡ, ನಾನು ನೋಡುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ತಿರುವು ದಾಟಿದ್ದರು.